ಬಾವಿಗೆ ಇಟ್ಟ ಮದ್ದು

ಮನೆಯ ಬಾವಿ ತೋಡುವಾಗ ಬಂಡೆ ಅಡ್ಡ ಬಂತು. ಮದ್ದು ಇಡುವ ದಿನ ಅಮ್ಮಿ ನಮ್ಮನ್ನೆಲ್ಲ ಒಳಗೆ ಕೂಡಿಹಾಕಿದ್ದರು. ನೀರು ಬಂದಾಗ ಮೊದಲ ಬೊಗಸೆ ಕುಡಿದವನು ಮದ್ದು ಇಟ್ಟವನೇ.

ಇಳಿಯುತ್ತಿದ್ದ ಕ್ಯಾಸ್ಪಿಯನ್ ಸಮುದ್ರಕ್ಕೆ ನೀರು ಹರಿಸಲು ಸೋವಿಯತ್ ಸರ್ಕಾರ ಪೆಚೋರಾ ನದಿಯನ್ನು ಕಾಮಾ ನದಿಯತ್ತ ತಿರುಗಿಸಹೊರಟಿತು. ಕಾಲುವೆ ತೋಡಲು 1971ರ ಮಾರ್ಚ್ 23ರಂದು ಮೂರು ಅಣುಬಾಂಬುಗಳನ್ನು ನೆಲದಡಿ ಸಿಡಿಸಿದರು. ಒಂದೊಂದೂ 15 ಕಿಲೋಟನ್, ಹೆಚ್ಚುಕಡಿಮೆ ಹಿರೋಶಿಮಾದಷ್ಟೇ! ಕೆಲಸ ಮುಗಿಯಲು ಇಂಥವು ನೂರಾರು ಬೇಕಿದ್ದವು. ವಿಕಿರಣ ಗಡಿ ದಾಟಿತು. ಕಾಲುವೆ ಆಗಲಿಲ್ಲ, ಒಂದು ಕೆರೆ ಉಳಿಯಿತು. ಅದರ ದಂಡೆಯ ಮಣ್ಣಿನಲ್ಲಿ ವಿಕಿರಣ ಇನ್ನೂ ಇದೆ.

ಇದಕ್ಕೆ ‘ಶಾಂತಿಯುತ ಅಣುಸ್ಫೋಟ’ ಎಂದು ಹೆಸರು. 1974ರಲ್ಲಿ ಪೋಖ್ರಾನ್‌ಗೆ ನಾವೂ ಇಟ್ಟದ್ದು ಅದೇ ಹೆಸರು. ಶಾಲೆಯಲ್ಲಿ ನಾನದನ್ನು ಹೆಮ್ಮೆಯಿಂದಲೇ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಎರಡು ಅಂಕವೂ ಸಿಕ್ಕಿತ್ತು.