ಗಾಲಿಯ ಸಂಧಿಪ್ರಕರಣ

ವ್ಯಾಕರಣ ಪಾಠ ಹೇಳುವವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಎರಡು ವಸ್ತುಗಳು ಕೂಡುವುದನ್ನು ಕಂಡರೆ ಸಾಕು, ಇದು ಲೋಪವೋ ಆಗಮವೋ ಆದೇಶವೋ ಎಂದು ಮನಸ್ಸು ಎಣಿಸತೊಡಗುತ್ತದೆ. ಸೈಕಲ್ಲಿನ ಹಿಂಗಾಲಿ ಬದಲಿಸುವುದೂ ಒಂದು ಸಂಧಿಕಾರ್ಯವೇ ಎಂದರೆ ಓದುಗರು ನಗಬಾರದು.

ಮಹದೇವಪುರದ ನಮ್ಮ ಬೀದಿಯಲ್ಲಿ ನನ್ನಂತೆಯೇ ರೇಸಿನ ಸೈಕಲ್ಲಿನ ಹುಚ್ಚು ಹಿಡಿದಿದ್ದವನು ವಿಜಯಪುರದ ಕಡೆಯ ಒಬ್ಬ ಹುಡುಗ. ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಅವನಿಗೆ ಕೆಲಸ. ಭಾನುವಾರ ಕೋಳಿ ಕೂಗುವ ಮೊದಲೇ ಹೊರಟು ನಂದಿಬೆಟ್ಟ ಹತ್ತಿ ಬರುವುದು ನಮ್ಮಿಬ್ಬರ ವ್ರತ. ಕಳೆದ ವರ್ಷ ಕಂಪೆನಿ ಅವನಿಗೆ ಇನ್ನು ಬರಬೇಡವೆಂದಿತು. ಸೈಕಲ್ಲನ್ನು ಮಾರಿ ಊರಿಗೆ ಹೊರಟವನು, ತನ್ನಲ್ಲಿ ಹೆಚ್ಚಾಗಿ ಉಳಿದಿದ್ದ ಹಿಂಗಾಲಿಯೊಂದನ್ನು ನನ್ನ ಕೈಗಿತ್ತ. ನನ್ನ ಗಾಲಿಯ ಅಂಚೋ, ಇಲ್ಲಿನ ವಾಹನಸಂದಣಿಯ ಕೃಪೆಯಿಂದ, ಬ್ರೇಕಿನ ರಬ್ಬರು ಉಜ್ಜಿ ಉಜ್ಜಿ ತಗ್ಗಾಗಿ ಹೋಗಿತ್ತು.

ಗಾಲಿ ಕಳಚುವುದು ಈಗ ಅರೆ ನಿಮಿಷದ ಕೆಲಸ. ಹಿಂದೆ ಪಂದ್ಯದ ಸವಾರರು ಬೆಟ್ಟ ಬಂದರೆ ಇಳಿದು, ರೆಕ್ಕೆನಟ್ಟು ಬಿಚ್ಚಿ, ಗಾಲಿಯನ್ನೇ ತಿರುಗಿಸಿ ಹಾಕುತ್ತಿದ್ದರು. ಒಂದು ಮಗ್ಗುಲಿಗೆ ಬಯಲಿನ ಹಲ್ಲು, ಇನ್ನೊಂದಕ್ಕೆ ಬೆಟ್ಟದ ಹಲ್ಲು. ಇಟಲಿಯ ಟುಲಿಯೊ ಕಂಪಾಗ್ನೋಲೊ 1930ರ ದಶಕದಲ್ಲಿ ಪ್ರಚಾರಕ್ಕೆ ತಂದ ಸನ್ನೆಕೀಲು ಆ ಕಷ್ಟವನ್ನು ಕಳೆಯಿತು.

ತೊಡಕಿರುವುದು ಕ್ಯಾಸೆಟ್ಟಿನಲ್ಲಿ. ಹಿಂಗಾಲಿಯ ಹಲ್ಲುಚಕ್ರಗಳ ಗೊಂಚಲಿಗೆ ಈ ಹೆಸರು. ಹಾಡಿಗೂ ಇದಕ್ಕೂ ನಂಟಿಲ್ಲ. ಅವನ ಗಾಲಿ ಶಿಮಾನೊ ಮಾದರಿಯ ಹನ್ನೊಂದು ಚಕ್ರಗಳದು, ನನ್ನ ಸೈಕಲ್ಲು ಹತ್ತರದು. ಹನ್ನೊಂದರ ಹಬ್ಬಿನ ಮೈ 1.85 ಮಿಲಿಮೀಟರ್ ಹೆಚ್ಚು ಅಗಲ. ಅಷ್ಟೇ ದಪ್ಪದ ಉಂಗುರವೊಂದನ್ನು ಮೊದಲು ತೊಡಿಸಿ, ಹತ್ತರ ಗೊಂಚಲಿಗೆ ಸಾಮಾನ್ಯವಾಗಿ ಬೇಕಾಗುವ 1 ಮಿ.ಮೀ. ಉಂಗುರವನ್ನೂ ಸೇರಿಸಿದರೆ ಎಲ್ಲವೂ ಭದ್ರವಾಗಿ ಕೂರುತ್ತದೆ. ಇದು ಆಗಮ. ದೊಡ್ಡ ಮನೆಯಲ್ಲಿ ಚಿಕ್ಕ ಸಂಸಾರ ಹೇಗೋ ಹೊಂದಿಕೊಂಡೀತು. ಹತ್ತರ ಹಬ್ಬಿನ ಮೇಲೆ ಹನ್ನೊಂದರ ಗೊಂಚಲು ಕೂರುವುದು ದುರ್ಲಭ.

ಹೇಗೂ ಬಿಚ್ಚಿದ್ದಾಯಿತೆಂದು, 25 ಹಲ್ಲಿನ ದೊಡ್ಡ ಚಕ್ರವಿದ್ದ ಹಳೆಯ ಗೊಂಚಲಿನ ಜಾಗಕ್ಕೆ 28ರದನ್ನು ತಂದೆ. ಇದು ಆದೇಶ. ಮುಂದಿನ 34 ಹಲ್ಲಿನೊಡನೆ ಪೆಡಲಿನ ಒಂದು ಸುತ್ತಿಗೆ ಸುಮಾರು 2.86 ಮೀಟರ್ ಸಾಗುತ್ತಿದ್ದ ಸೈಕಲ್ಲು ಈಗ 2.55 ಮೀಟರ್ ಸಾಗುತ್ತದೆ. ನಲವತ್ತು ದಾಟಿದ ಮೊಣಕಾಲಿಗೆ ಇದೇ ಅಮೃತ.

ಸರಪಳಿಯನ್ನು ಮರೆಯುವಂತಿಲ್ಲ. ಹಳೆಯ ಸರಪಳಿಯೂ ಹಳೆಯ ಹಲ್ಲೂ ಮುದಿ ದಂಪತಿಗಳಂತೆ ಜೊತೆಯಾಗಿ ಸವೆದು ಹೊಂದಿಕೊಂಡಿರುತ್ತವೆ. ಒಂದನ್ನು ಬದಲಿಸಿದರೆ ಜಗಳ ಶುರು. ಇಪ್ಪತ್ತನಾಲ್ಕು ಕೊಂಡಿಗಳು ಸರಿಯಾಗಿ 12 ಅಂಗುಲ ಇರಬೇಕು. ಅಂಗುಲದ ಹದಿನಾರನೆಯ ಒಂದು ಪಾಲು ಹೆಚ್ಚಿದ್ದರೂ ಹೊಸದನ್ನು ಹಾಕುವುದೇ ಲೇಸು. ಇಲ್ಲವಾದರೆ ಅದು ಹೊಸ ಹಲ್ಲನ್ನೂ ತಿಂದುಬಿಡುತ್ತದೆ. ನನ್ನದು ಅಳತೆ ಮೀರಿತ್ತು, ಬದಲಿಸಿದೆ.

ಈಗ ಬೆಟ್ಟದ ತಿರುವುಗಳಲ್ಲಿ ಗಾಲಿ ಸದ್ದಿಲ್ಲದೆ ಉರುಳುತ್ತದೆ. ಮಾತಾಡುವವರು ಮಾತ್ರ ಪಕ್ಕದಲ್ಲಿಲ್ಲ. ಆಗೊಮ್ಮೆ ಈಗೊಮ್ಮೆ ಹುಡುಗ ಫೋನು ಮಾಡಿ “ಸರ್, ಗಾಲಿ ಹ್ಯಾಂಗದ?” ಎಂದು ಕೇಳುತ್ತಾನೆ. ಕೆಲಸದ ವಿಚಾರವನ್ನು ಅವನೂ ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ.

ತರಗತಿಯಲ್ಲಿ ಲೋಪಸಂಧಿ ಹೇಳುವಾಗ ಒಂದು ನಿಬಂಧನೆಯನ್ನು ಒತ್ತಿ ಹೇಳುತ್ತೇನೆ: ಅರ್ಥ ಕೆಡದಿದ್ದರೆ ಮಾತ್ರ ಸ್ವರವನ್ನು ಬಿಡಬಹುದು. ನಮ್ಮ ಸುತ್ತಲಿನ ಗಾಜಿನ ಕಟ್ಟಡಗಳ ವ್ಯಾಕರಣದಲ್ಲಿ ಆ ನಿಬಂಧನೆ ಇದ್ದಂತೆ ತೋರುವುದಿಲ್ಲ.