ವಿಹಾರದಲ್ಲಿಯೂ ವ್ರತ

ನಮ್ಮ ಹಿರಿಯರಿಗೆ ಎರಡು ಬಗೆಯ ಪ್ರಯಾಣಗಳು ಮಾತ್ರ ಗೊತ್ತಿದ್ದವು. ಒಂದು ವ್ಯಾಪಾರಕ್ಕಾಗಿ, ಇನ್ನೊಂದು ತೀರ್ಥಕ್ಷೇತ್ರದ ದರ್ಶನಕ್ಕಾಗಿ. ಕೇವಲ ಸಂತೋಷಕ್ಕಾಗಿ ದೂರದೇಶಕ್ಕೆ ಹೋಗುವುದು ಮೂರನೆಯ ಬಗೆ. ಅದು ಈಗ ಶ್ರಾವಕರ ಮನೆಗಳಲ್ಲಿಯೂ ಸಾಮಾನ್ಯವಾಗಿದೆ. ಅದನ್ನು ಖಂಡಿಸುವುದು ಸುಲಭ. ಧರ್ಮದ ಮರ್ಯಾದೆಯೊಳಗೆ ಅದನ್ನು ಹೇಗೆ ನಡೆಸಬೇಕೆಂದು ವಿಚಾರ ಮಾಡುವುದು ಕಷ್ಟದ ಕೆಲಸ, ಆದರೆ ಅಗತ್ಯವಾದದ್ದು.

ನನ್ನ ಮಗನ ಸಂಸಾರ ಇಂಗ್ಲೆಂಡಿನಲ್ಲಿದೆ. ಹತ್ತು ವರ್ಷದ ಮೊಮ್ಮಗಳು, ಆರು ವರ್ಷದ ಮೊಮ್ಮಗ. ಅಲ್ಲಿಯ ಶಾಲೆಗಳಿಗೆ ದೀರ್ಘ ರಜೆ ದೊರೆಯುವುದು ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ. ಈ ಸಲ ಎಲ್ಲರೂ ಕೂಡಿ ಗ್ರೀಸಿನ ಒಂದು ದ್ವೀಪದಲ್ಲಿ ಹತ್ತು ದಿನ ಇರೋಣವೆಂದು ಮಗ ತಿಳಿಸಿ, ದ್ವೀಪವನ್ನು ಆರಿಸುವ ಭಾರವನ್ನು ನನಗೇ ಬಿಟ್ಟನು. ಮನೆಯವರು ಒಂದೇ ಪ್ರಶ್ನೆ ಕೇಳಿದರು: “ಚಾತುರ್ಮಾಸದಲ್ಲಿ ಕಡಲಾಚೆಗೆ ಹೋಗುವುದೇನ್ರೀ?”

ಆ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಮಳೆಗಾಲದಲ್ಲಿ ನೆಲದ ಮೇಲೆ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದ ಮುನಿಗಳು ಒಂದೇ ಸ್ಥಳದಲ್ಲಿ ನೆಲೆಸುತ್ತಾರೆ. ಆ ನಿಯಮದ ಪೂರ್ಣಭಾರ ಗೃಹಸ್ಥನ ಮೇಲಿಲ್ಲ. ಆದರೆ ಅದರ ಆಶಯ ಅವನಿಗೂ ಸಲ್ಲುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನಿಗೆ ದಿಗ್ವ್ರತ, ದೇಶವ್ರತ ಮತ್ತು ಅನರ್ಥದಂಡವಿರತಿಗಳನ್ನು ವಿಧಿಸಲಾಗಿದೆ. ಮೊದಲಿನ ಎರಡು ಸಂಚಾರಕ್ಕೆ ಎಲ್ಲೆ ಹಾಕುತ್ತವೆ. ಮೂರನೆಯದು ಪ್ರಯೋಜನವಿಲ್ಲದ ಹಿಂಸೆಯನ್ನು ನಿಷೇಧಿಸುತ್ತದೆ. ಅಂಗಡಿ ನಡೆಸುವಾಗ ಆಗುವ ಹಿಂಸೆಗೆ ಜೀವನೋಪಾಯದ ಕಾರಣವನ್ನಾದರೂ ಹೇಳಬಹುದು. ವಿಹಾರದಲ್ಲಿ ಆಗುವ ಹಿಂಸೆಗೆ ಯಾವ ಕಾರಣವೂ ಇಲ್ಲ. ಆದುದರಿಂದ ರಜೆಯ ದಿನಗಳಲ್ಲಿ ಶ್ರಾವಕನ ಎಚ್ಚರ ಸಡಿಲವಾಗದೆ ಇನ್ನೂ ಬಿಗಿಯಾಗಬೇಕೆಂಬುದು ನನ್ನ ತಿಳಿವಳಿಕೆ. ಈ ಒಂದು ಅಳತೆಗೋಲನ್ನು ಹಿಡಿದು ನಾನು ದ್ವೀಪಗಳ ವಿಚಾರಕ್ಕೆ ತೊಡಗಿದೆನು.

ಚಿತ್ರಗಳನ್ನು ಕಂಡಿದ್ದ ಮಕ್ಕಳು ಮೊದಲು ಕೇಳಿದ್ದು ಸಾಂತೊರಿನಿಯನ್ನು. ಜ್ವಾಲಾಮುಖಿಯ ಕಡಿದಾದ ಬಂಡೆಯ ಅಂಚಿನಲ್ಲಿ ಬಿಳಿಯ ಮನೆಗಳಿರುವ ಆ ದ್ವೀಪ ಸುಂದರವೆಂಬುದು ನಿಜ. ಆದರೆ ಎಲ್ಲೆಲ್ಲೂ ಮೆಟ್ಟಿಲು. ಚಿಕ್ಕ ಮಕ್ಕಳಿಗೂ ನಮ್ಮಂಥ ವೃದ್ಧರಿಗೂ ಹಿತವಲ್ಲ. ಅದಕ್ಕಿಂತ ದೊಡ್ಡ ಆಕ್ಷೇಪ ಬೇರೆಯಿದೆ. ಹಳೆಯ ಬಂದರಿನಿಂದ ಫಿರಾ ಪಟ್ಟಣಕ್ಕೆ ಏರುವ ಐದುನೂರಕ್ಕೂ ಹೆಚ್ಚು ಮೆಟ್ಟಿಲುಗಳ ಮೇಲೆ ಪ್ರವಾಸಿಗರನ್ನು ಕತ್ತೆ, ಹೇಸರಗತ್ತೆಗಳು ಬಿಸಿಲಿನಲ್ಲಿ ಹೊತ್ತೊಯ್ಯುತ್ತವೆ. ನೂರು ಕಿಲೋ ಅಥವಾ ಪ್ರಾಣಿಯ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರೆ ಹೇರಬಾರದೆಂದು ೨೦೧೮ರಲ್ಲಿ ಅಲ್ಲಿಯ ಸರಕಾರವೇ ಕಟ್ಟಳೆ ಮಾಡಬೇಕಾಯಿತು. ಶ್ರಾವಕನ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂಬುದನ್ನು ಓದುಗ ಬಂಧುಗಳು ಬಲ್ಲರು. ಮೇಲೇರಲು ಕೇಬಲ್ ಕಾರ್ ಇದೆ, ನಿಜ. ಆದರೆ ಕತ್ತೆಯನ್ನು ಏರಬೇಕೆಂಬುದೇ ಮೊಮ್ಮಗನ ಆಸೆ. ಫೋನಿನಲ್ಲಿ ಅವನಿಗೆ ಕತ್ತೆಯ ಪಾಡನ್ನು ಹೇಳಿದೆನು. “ಹಾಗಾದರೆ ಬೇಡ ಅಜ್ಜಾ, ಆದರೆ ಬೇರೆ ಪ್ರಾಣಿ ತೋರಿಸಬೇಕು” ಎಂದನು.

ಆ ಮಾತೇ ನಮ್ಮನ್ನು ಜಾಕಿಂಥೋಸ್ ದ್ವೀಪಕ್ಕೆ ಒಯ್ದಿತು. ಗ್ರೀಸಿನ ಪಶ್ಚಿಮಕ್ಕಿರುವ ಈ ದ್ವೀಪದ ಲಗಾನಸ್ ಕೊಲ್ಲಿಯಲ್ಲಿ ಕಡಲಾಮೆಗಳು ಮೊಟ್ಟೆಯಿಡುವ ಆರು ಮರಳ ದಂಡೆಗಳಿವೆ. ಅವುಗಳ ರಕ್ಷಣೆಗೆ ೧೯೯೯ರಲ್ಲಿ ರಾಷ್ಟ್ರೀಯ ಸಾಗರ ಉದ್ಯಾನ ಸ್ಥಾಪನೆಯಾಯಿತು. ತಾಯಿ ಆಮೆ ರಾತ್ರಿಯಲ್ಲಿ ದಡಕ್ಕೆ ಬಂದು, ಗುಳಿ ತೋಡಿ, ಸುಮಾರು ನೂರು ಮೊಟ್ಟೆಗಳನ್ನಿಟ್ಟು ಹೋಗುತ್ತದೆ. ಸುಮಾರು ಎರಡು ತಿಂಗಳಾದ ಮೇಲೆ ಮರಿಗಳು ಹೊರಟು ಬೆಳಕಿನ ಕಡೆಗೆ, ಅಂದರೆ ಕಡಲಿನ ಕಡೆಗೆ, ತೆವಳುತ್ತವೆ. ದಡದಲ್ಲಿ ದೀಪಗಳಿದ್ದರೆ ಅವು ದಾರಿ ತಪ್ಪಿ ಸಾಯುತ್ತವೆ. ಆದ್ದರಿಂದ ಈ ಋತುವಿನಲ್ಲಿ ರಾತ್ರಿ ಆ ಮರಳಿನ ಮೇಲೆ ಯಾರೂ ಕಾಲಿಡುವಂತಿಲ್ಲ. ಸೆಕಾನಿಯಾ ಎಂಬ ದಂಡೆಗಂತೂ ಪ್ರವಾಸಿಗರಿಗೆ ಪ್ರವೇಶವೇ ಇಲ್ಲ. ಜೀವರಕ್ಷಣೆಗಾಗಿ ಕತ್ತಲೆಯಲ್ಲಿ ಸಂಚಾರವನ್ನು ಬಿಡುವುದು ಅಲ್ಲಿ ಕಾಯಿದೆಯಾಗಿದೆ. ರಾತ್ರಿಭೋಜನವನ್ನು ತ್ಯಜಿಸಿದ ನಮಗೆ ಅದರ ತತ್ತ್ವ ಹೊಸದೇನಲ್ಲ.

ಮಕ್ಕಳಿಗೆ ಮೂರು ನಿಯಮಗಳನ್ನು ಬರೆದು ಕಳುಹಿಸಿದ್ದೇನೆ. ಮರಳಿನಲ್ಲಿ ತೋಡಿದ ಗುಳಿಯನ್ನು ಮುಚ್ಚದೆ ಬರಕೂಡದು, ಮರಿಗಳು ಬಿದ್ದು ಏಳಲಾರವು. ಕೊಡೆಯ ಕೋಲನ್ನು ನೀರಿನ ಸಮೀಪದ ಒದ್ದೆ ಮರಳಿನಲ್ಲಿಯೇ ನೆಡಬೇಕು, ಮೇಲಿನ ಒಣಮರಳಿನಲ್ಲಿ ಗೂಡುಗಳಿರುತ್ತವೆ. ಆಮೆಯ ಹಿಂದೆ ದೋಣಿ ಓಡಿಸಿ ತೋರಿಸುವವರ ಬಳಿಗೆ ಹೋಗಕೂಡದು. ತಾನಾಗಿ ಕಂಡರೆ ಪುಣ್ಯ, ಕಾಣದಿದ್ದರೆ ಸಮಾಧಾನ.

ಇನ್ನು ಆಹಾರದ ವಿಷಯ. ಆಗಸ್ಟ್ ೧ರಿಂದ ೧೪ರವರೆಗೆ ಗ್ರೀಸಿನ ಸಂಪ್ರದಾಯಸ್ಥ ಕ್ರೈಸ್ತರಿಗೆ ಮಾತೆ ಮೇರಿಯ ಹಬ್ಬದ ಮುನ್ನಿನ ವ್ರತಕಾಲ. ಮಾಂಸ, ಮೊಟ್ಟೆ, ಹಾಲುಗಳಿಲ್ಲದ ವ್ರತದ ಅಡಿಗೆಗೆ ಅವರು ‘ನಿಸ್ತೀಸಿಮೊ’ ಎನ್ನುತ್ತಾರೆ. ಈ ಒಂದು ಶಬ್ದ ನಮಗೆ ಬಹಳ ಉಪಕಾರಿ. ಆದರೆ ಅವರ ವ್ರತದಲ್ಲಿ ಚಿಪ್ಪಿನ ಜಲಚರಗಳು ನಿಷಿದ್ಧವಲ್ಲ, ಜೇನೂ ನಿಷಿದ್ಧವಲ್ಲ. ಈರುಳ್ಳಿ, ಆಲೂಗಡ್ಡೆಗಳಂತೂ ಎಲ್ಲೆಡೆ ಇರುತ್ತವೆ. ಆದ್ದರಿಂದ ಹೋಟೆಲನ್ನು ಬಿಟ್ಟು, ಅಡಿಗೆಮನೆಯಿರುವ ಒಂದು ಬಾಡಿಗೆ ಮನೆಯನ್ನು ವಸಿಲಿಕೋಸ್ ಹಳ್ಳಿಯ ಕಡೆಗೆ ನೋಡಿದ್ದೇವೆ. ಅಕ್ಕಿಬೇಳೆಗಳನ್ನು ಸೊಸೆ ತರುತ್ತಾಳೆ. ಬೆಂಡೆ, ಬದನೆ, ಹುರುಳಿಕಾಯಿ, ಟೊಮೆಟೊಗಳು ಅಲ್ಲಿಯ ಬೇಸಗೆಯ ಬೆಳೆಗಳೇ. ಆ ದಿನಗಳಲ್ಲಿ ಸೂರ್ಯಾಸ್ತವಾಗುವುದು ಸಂಜೆ ಎಂಟೂವರೆಯ ಸುಮಾರಿಗೆ. ಆದ್ದರಿಂದ ಹಗಲೂಟಕ್ಕೆ ಅಡ್ಡಿಯಿಲ್ಲ.

ವ್ಯಾಪಾರಿಯಾದ್ದರಿಂದ ಖರ್ಚಿನ ಬಾಬೂ ಬರೆದೆನು. ನಮ್ಮಿಬ್ಬರಿಗೆ ಷೆಂಗೆನ್ ವೀಸಾ ಬೇಕು. ೨೦೨೪ರ ಜೂನ್‌ನಿಂದ ಶುಲ್ಕ ವಯಸ್ಕರಿಗೆ ೯೦ ಯೂರೋ. ಕನಿಷ್ಠ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ವಿಮಾನದಿಂದಾಗುವ ವಾಯುಮಾಲಿನ್ಯಕ್ಕೆ ಮಾತ್ರ ನನ್ನ ಖಾತೆಯಲ್ಲಿ ಜಮಾ ಬರೆಯಲು ಏನೂ ಇಲ್ಲ; ಅದು ಖರ್ಚಿನಲ್ಲಿಯೇ ಉಳಿಯುತ್ತದೆ. ಅದನ್ನು ಬೆಳೆಸದಿರುವುದಷ್ಟೇ ನಮ್ಮ ಕೈಯಲ್ಲಿದೆ. ಮನೆಯವರು ಒಪ್ಪಿದ್ದೂ ಆ ಷರತ್ತಿನ ಮೇಲೆಯೇ. ಒಂದೇ ದ್ವೀಪ, ದ್ವೀಪದಿಂದ ದ್ವೀಪಕ್ಕೆ ಅಲೆಯುವುದಿಲ್ಲ. ಪ್ರತಿದಿನ ಬೆಳಿಗ್ಗೆ ಅಂದಿನ ಸಂಚಾರದ ಎಲ್ಲೆಯನ್ನು ಮಕ್ಕಳೆದುರಿಗೆ ಹೇಳಿ ದೇಶವ್ರತ ಸ್ವೀಕರಿಸುವುದು. ದಶಲಕ್ಷಣ ಪರ್ವಕ್ಕೆ ಮೊದಲೇ ಊರು ಸೇರುವುದು.

ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಬಂಧುಗಳಲ್ಲಿಯೂ, ಸಾಮೂಹಿಕ ಯಾತ್ರೆಗಳನ್ನು ಏರ್ಪಡಿಸುವ ಬಸದಿಗಳ ವಿಶ್ವಸ್ತರಲ್ಲಿಯೂ ನನ್ನದೊಂದು ವಿನಂತಿ. ಟಿಕೇಟು ಕಾದಿರಿಸುವ ಮೊದಲು ಒಂದು ಕಾಗದದಲ್ಲಿ, ನಮ್ಮ ಈ ಸಂತೋಷದ ಹೊರೆಯನ್ನು ಯಾವ ಯಾವ ಜೀವಗಳು ಹೊರಬೇಕಾಗುತ್ತದೆ ಎಂದು ಬರೆಯಿರಿ. ಆ ಪಟ್ಟಿಯನ್ನು ಮಕ್ಕಳಿಂದಲೇ ಓದಿಸಿರಿ. ಯಾವುದನ್ನು ಹೊಡೆದುಹಾಕಬಹುದೆಂಬುದನ್ನು ಅವರೇ ಹೇಳುತ್ತಾರೆ.