ರಿಮೂವ್ ಬಟನ್ ಒತ್ತುವ ಮುಂಚೆ



ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಇದ್ದಾಗ ಓದಿ. ಬರೆಯಬೇಕು ಅಂದ್ಕೊಂಡು ಒಂದು ವರ್ಷಕ್ಕೂ ಮೇಲಾಯ್ತು. ಬರೆಯದೇ ಇದ್ದದ್ದಕ್ಕೆ ಕಾರಣ ನಾಚಿಕೆ. ಇದರಲ್ಲಿ ತಪ್ಪು ನನ್ನದೇ.

ನಮ್ಮ ತಾಲ್ಲೂಕಿನ ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟ್ ದೌರ್ಜನ್ಯ ತಡೆ ಕಾಯ್ದೆಯ ಹಲ್ಲು ಕಿತ್ತಾಗ, ಏಪ್ರಿಲ್ 2ರ ಭಾರತ್ ಬಂದ್‌ಗೆ ಜನ ಸೇರಿಸೋಕೆ ಅಂತ ಮಾಡಿದ ಗ್ರೂಪು ಅದು. ಅದೇ ವರ್ಷ ಆಗಸ್ಟ್‌ನಲ್ಲಿ ಸಂಸತ್ತು ತಿದ್ದುಪಡಿ ತಂದು ಕಾಯ್ದೆಗೆ ಮತ್ತೆ ಹಲ್ಲು ಕೊಟ್ಟಿತು. ಬಂದ್ ಮುಗೀತು, ಗ್ರೂಪು ಮುಗೀಲಿಲ್ಲ. ಆಗ ಒಂದು ಗ್ರೂಪಿನಲ್ಲಿ 256 ಜನಕ್ಕಷ್ಟೇ ಜಾಗ ಇತ್ತು. ಈಗ 1024ರವರೆಗೂ ಸೇರಿಸಬಹುದು. ನಮ್ಮದರಲ್ಲಿ ಇವತ್ತಿಗೆ 412 ಜನ.

ಹಾಸ್ಟೆಲ್ ಅರ್ಜಿ ಕೊನೇ ದಿನಾಂಕ, ವಿದ್ಯಾರ್ಥಿವೇತನ, ಸ್ಮಶಾನದ ಜಾಗದ ತಕರಾರು, ಪಿಟಿಸಿಎಲ್ ಜಮೀನಿನ ಕೇಸು, ರಕ್ತ ಬೇಕು ಅನ್ನೋ ಮನವಿ, ಎಲ್ಲಾ ಅಲ್ಲೇ. ಜೊತೆಗೆ ದಿನಕ್ಕೆ ನಲವತ್ತು ಗುಡ್ ಮಾರ್ನಿಂಗು, ತಲೆಬುಡ ಇಲ್ಲದ ಫಾರ್ವರ್ಡು. ಹಗಲು ಕಚೇರಿಯಲ್ಲಿ ಆವಕ-ಜಾವಕ ಬರೆಯೋ ಗುಮಾಸ್ತ ನಾನು. ರಾತ್ರಿ ಊಟ ಆದ ಮೇಲೆ ಗ್ರೂಪಿನ ಕಸ ಗುಡಿಸೋದು. "ಸಂಬಳ ಎಷ್ಟ್ ಕೊಡ್ತಾರೆ ಅದಕ್ಕೆ?" ಅಂತಾಳೆ ನನ್ನ ಹೆಂಡತಿ.

ಶುರುವಿನಲ್ಲಿ ಇದನ್ನ ತಮಾಷೆ ಅಂತಲೇ ತಿಳಿದಿದ್ದೆ. ನಾನು ಅಡ್ಮಿನ್ ಆದ ಮೂರು ತಿಂಗಳಿಗೆ, ಜುಲೈ 2018ರಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳ ಅಂತ ವಾಟ್ಸಾಪಲ್ಲಿ ಹಬ್ಬಿಸಿದ ಸುಳ್ಳಿಗೆ ಹೈದರಾಬಾದಿನ ಒಬ್ಬ ಯುವ ಇಂಜಿನಿಯರ್‌ನ ಜನ ಬಡಿದು ಕೊಂದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅವರು ಮಾಡಿದ ತಪ್ಪು. ಪೊಲೀಸರು ಹಿಡಿದವರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಂಥದ್ದೇ ಒಂದು ಮೆಸೇಜು ನಮ್ಮ ಗ್ರೂಪಿಗೂ ಬಂದಿತ್ತು. ನಾನು ನೋಡಿದ್ದೆ, ಸುಮ್ಮನಿದ್ದೆ.

ಮುಂದೆ 2021ರಲ್ಲಿ ಬಾಂಬೆ ಹೈಕೋರ್ಟು, 2022ರಲ್ಲಿ ಕೇರಳ ಹೈಕೋರ್ಟು, ಸದಸ್ಯ ಹಾಕಿದ್ದಕ್ಕೆಲ್ಲಾ ಅಡ್ಮಿನ್ ಹೊಣೆಯಲ್ಲ ಅಂತ ಹೇಳಿದವು. ಕಾನೂನಿನ ಭಯ ಕಡಿಮೆ ಆಯ್ತು. ಆದರೆ ನೋಡಿ ಸುಮ್ಮನಿದ್ದೆನಲ್ಲ, ಅದಕ್ಕೆ ಯಾವ ಹೈಕೋರ್ಟು ಏನು ಹೇಳುತ್ತೆ?

ಇನ್ನೊಂದು ಪ್ರಸಂಗ. ಪಕ್ಕದ ತಾಲ್ಲೂಕಲ್ಲಿ ನಮ್ಮ ಹುಡುಗಿ ಮೇಲೆ ದೌರ್ಜನ್ಯ ಆಯ್ತು. ಒಬ್ಬ ಉತ್ಸಾಹಿ ತಮ್ಮ ಆ ಮಗುವಿನ ಫೋಟೋ, ಹೆಸರು, ಊರು ಎಲ್ಲಾ ಹಾಕಿ "ನ್ಯಾಯ ಬೇಕು" ಅಂತ ಬರೆದ. ನಾನು ಡಿಲೀಟ್ ಮಾಡಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಯಲು ಮಾಡೋದು ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಪರಾಧ. ದೊಡ್ಡವರ ವಿಷಯದಲ್ಲೂ ಕಾನೂನು ಅಂಥದ್ದೇ. ಅದಕ್ಕಿಂತ ಹೆಚ್ಚಾಗಿ, ಆ ಮಗು ನಾಳೆ ಶಾಲೆಗೆ ಹೋಗಬೇಕಲ್ವಾ? ಆದರೆ ನಾನು ಏನೂ ಹೇಳದೆ ಡಿಲೀಟ್ ಮಾಡಿದ್ದೆ. ಅರ್ಧ ಗಂಟೆಯಲ್ಲಿ ಸುದ್ದಿ ಆಯ್ತು: "ಅಡ್ಮಿನ್ ಪ್ರಕರಣ ಮುಚ್ಚಿಹಾಕ್ತಾ ಇದ್ದಾನೆ, ಆ ಕಡೆಯಿಂದ ದುಡ್ಡು ಬಂದಿರಬೇಕು." ಮಾಡಿದ್ದು ಸರಿ ಇತ್ತು, ಮಾಡಿದ ರೀತಿ ತಪ್ಪು. ಕಾರಣ ಹೇಳದೆ ಅಳಿಸಿದರೆ ಜನ ತಮಗೆ ತೋಚಿದ ಕಾರಣ ಬರೆದುಕೊಳ್ಳುತ್ತಾರೆ. ನಮ್ಮ ಜನರ ವಿಷಯದಲ್ಲಿ ಅದು ಸುಮ್ಮಸುಮ್ಮನೆ ಬಂದ ಅನುಮಾನ ಅಲ್ಲ. ಕಾರಣ ಹೇಳದೆ ನಮ್ಮ ಅರ್ಜಿ ಎಷ್ಟು ಕಚೇರಿಗಳಲ್ಲಿ ಮಾಯ ಆಗಿಲ್ಲ?

ಈಗ ಅಸಲು ವಿಷಯಕ್ಕೆ ಬರ್ತೀನಿ.

2024ರ ಆಗಸ್ಟ್ 1. ಒಳಮೀಸಲಾತಿ ಕೊಡಬಹುದು ಅಂತ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 6-1 ಬಹುಮತದಲ್ಲಿ ತೀರ್ಪು ಕೊಟ್ಟಿತು. ಮಾದಿಗ ಬಂಧುಗಳು ದಶಕಗಟ್ಟಲೆ ಬೀದಿಯಲ್ಲಿ ನಿಂತು ಕೇಳಿದ್ದು. 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತ್ತು, ಅದು ಕಪಾಟು ಬಿಟ್ಟು ಹೊರಗೆ ಬಂದಿರಲಿಲ್ಲ. ಆ ದಿನ ಗ್ರೂಪಿನಲ್ಲಿ ಒಂದು ಕಡೆ ಪಟಾಕಿ, ಇನ್ನೊಂದು ಕಡೆ ಹೊಟ್ಟೆಯುರಿ. ನಾನು ಬಲಗೈ ಕಡೆಯವನು. ಇದನ್ನ ಹೇಳದಿದ್ದರೆ ಮುಂದಿನದ್ದು ಅರ್ಥ ಆಗಲ್ಲ.

ರಾತ್ರಿ ಹತ್ತೂವರೆ ಹೊತ್ತಿಗೆ ನಮ್ಮ ಕಡೆಯ ಒಬ್ಬ ಹುಡುಗ ಎಡಗೈ ಬಂಧುಗಳ ಬಗ್ಗೆ ಬಾಯಿಗೆ ಬಂದಂಗೆ ಬರೆದ. ಮೇಲ್ಜಾತಿಯವರು ನಮ್ಮಿಬ್ಬರಿಗೂ ಬಳಸೋ ಮಾತನ್ನೇ ಎತ್ತಿಕೊಂಡು ಅವರಿಗೆ ಬಳಸಿದ್ದ. ನಾನು "ತಮ್ಮಾ, ಇದೆಲ್ಲಾ ಬೇಡಪ್ಪ" ಅಂತ ಬರೆದೆ. ಅದಕ್ಕೆ ಉತ್ತರವಾಗಿ ಎಡಗೈ ಕಡೆಯ ಒಬ್ಬ ಹಿರಿಯ ಅಣ್ಣ, ಅರವತ್ತು ದಾಟಿದವರು, ಅಷ್ಟೇ ಕೆಟ್ಟದಾಗಿ ತಿರುಗಿಸಿ ಬೈದರು. ನಾನು ಅವರನ್ನ ರಿಮೂವ್ ಮಾಡಿದೆ. ಎರಡು ಸೆಕೆಂಡಿನ ಕೆಲಸ. ಹೆಬ್ಬೆರಳು ಒತ್ತಿ ಮಲಗಿದೆ.

ಬೆಳಿಗ್ಗೆ ಆಶಾ ಕಾರ್ಯಕರ್ತೆ ತಂಗಿಯೊಬ್ಬಳು ಫೋನ್ ಮಾಡಿದಳು. "ಅಣ್ಣಾ, ನಿಮ್ಮೋನು ಬೈದ್ರೆ ತಮ್ಮಾ, ಬೇಡಪ್ಪ. ನಮ್ಮೋರು ಬೈದ್ರೆ ರಿಮೂವ್. ಇದ್ಯಾವ ಸಂವಿಧಾನ ಅಣ್ಣಾ?"

ನಾನು ವಾದ ಮಾಡಿದೆ. ಅವರು ಹಿರಿಯರು, ತಿಳಿದವರು, ಅವರಿಂದ ಹೆಚ್ಚು ನಿರೀಕ್ಷೆ ಇತ್ತು, ಅದಕ್ಕೆ ಅಂದೆ. ಅವಳು ಫೋನ್ ಇಟ್ಟಳು. ಮಧ್ಯಾಹ್ನ ಊಟದ ಹೊತ್ತಲ್ಲಿ ಡಬ್ಬಿ ಪಕ್ಕಕ್ಕಿಟ್ಟು ಗ್ರೂಪಿನ ಹಳೇ ಮೆಸೇಜುಗಳನ್ನ ಮೇಲಕ್ಕೆ ಎಳೆದು ನೋಡುತ್ತಾ ಹೋದೆ. ಒಂದು ಚೀಟಿಯಲ್ಲಿ ಗೆರೆ ಹಾಕಿಕೊಂಡೆ. ಆ ಒಂದು ವರ್ಷದಲ್ಲಿ ಬೈಗುಳಕ್ಕೆ ಅಂತ ನಾನು ಹೊರಗೆ ಹಾಕಿದ್ದು ಏಳು ಜನರನ್ನ. ಅದರಲ್ಲಿ ಐದು ಜನ ಎಡಗೈ. ಬೈದವರು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಸಮ. ಒಂದು ಸಲಕ್ಕೂ ನನಗೆ ಜಾತಿ ನೋಡಿ ಮಾಡ್ತಿದ್ದೀನಿ ಅನ್ನಿಸಿರಲಿಲ್ಲ. ನಮ್ಮವನು ಬೈದಾಗ ಅವನ ಅಪ್ಪ ಗೊತ್ತು, ಅವನ ಕಷ್ಟ ಗೊತ್ತು, ಏನೋ ಸಿಟ್ಟಲ್ಲಿ ಅಂದ ಅನ್ನಿಸುತ್ತಿತ್ತು. ಅವರು ಬೈದಾಗ ಬರೀ ಬೈಗುಳ ಕಾಣಿಸುತ್ತಿತ್ತು. ಮೇಲ್ಜಾತಿ ಸಾಹೇಬರು ನಮ್ಮ ಕಡತ ನೋಡುವಾಗ ಹಿಂಗೇ ಅಲ್ವಾ ನೋಡೋದು? "ನಾನು ಜಾತಿ ಮಾಡಲ್ಲ" ಅಂತ ಅವರೂ ಮನಸ್ಸಾರೆ ಹೇಳ್ತಾರೆ.

ಭಾನುವಾರ ಆ ಅಣ್ಣನ ಮನೆಗೆ ಹೋದೆ. ಜಗಲಿ ಮೇಲೆ ಕೂತಿದ್ದರು. "ಬಾರಪ್ಪ ಅಡ್ಮಿನ್ನು. ಕೇರಿಯಿಂದ ಹೊರಗಾಕಿದೋನೇ ಮನೆ ಬಾಗಿಲಿಗೆ ಬಂದಿದ್ದೀಯಲ್ಲ" ಅಂದರು. ನಗುತ್ತಲೇ ಅಂದದ್ದು. ಆ ನಗು ನನಗೆ ತಡೆದುಕೊಳ್ಳೋಕೆ ಆಗಲಿಲ್ಲ. ನನಗೆ ಇಪ್ಪತ್ತು ತುಂಬದ ವಯಸ್ಸಲ್ಲಿ ಕೈಗೆ ತಮಟೆ ಬದಲು ಕರಪತ್ರ ಕೊಟ್ಟವರು ಅವರು. ಮೊದಲ ಸಲ ತಾಲ್ಲೂಕು ಕಚೇರಿ ಎದುರು ಘೋಷಣೆ ಕೂಗಿಸಿದ್ದೂ ಅವರೇ.

ಟೀ ಕುಡಿಯುತ್ತಾ ಹೇಳಿದರು: "ನಾನು ಅಂದದ್ದು ತಪ್ಪು ಕಣಪ್ಪ. ನೀನು ನಾಕು ಜನರ ಎದುರು ಬೈದಿದ್ರೂ ತಲೆ ತಗ್ಗಿಸ್ತಿದ್ದೆ. ಆದ್ರೆ ರಾತ್ರಿ ಫೋನ್ ನೋಡ್ತೀನಿ, ಇನ್ಮೇಲೆ ನೀನು ಈ ಗ್ರೂಪಲ್ಲಿಲ್ಲ ಅಂತ ಬರ್ಕೊಂಡಿದೆ. ಒಂದು ಮಾತು ಕೇಳಿದ್ಯಾ ನನ್ನ?"

ಕೇಳಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಶುರು ಮಾಡಿದ ಪತ್ರಿಕೆಯ ಹೆಸರು 'ಬಹಿಷ್ಕೃತ ಭಾರತ'. ಹೊರಗಿಡೋದು ಅಂದ್ರೆ ಏನು ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ. ಬಾವಿಯಿಂದ, ಹೋಟೆಲ್ಲಿಂದ, ಗುಡಿಯಿಂದ ಹೊರಗೆ ಇಟ್ಟವರು ಯಾರೂ ನಮ್ಮನ್ನ ವಿಚಾರಣೆ ಮಾಡಿ ಇಡಲಿಲ್ಲ. ಅದೇ ಕೆಲಸವನ್ನ ನಾನು ಹೆಬ್ಬೆರಳಲ್ಲಿ ಮಾಡಿದ್ದೆ.

ಹಾಗಂತ ಯಾರನ್ನೂ ತೆಗೀಬಾರದಾ? ಅದೂ ಸುಳ್ಳು. 2022ರಿಂದ ವಾಟ್ಸಾಪಲ್ಲಿ ಯಾರಾದರೂ ಗ್ರೂಪ್ ಬಿಟ್ಟರೆ ಎಲ್ಲರಿಗೂ ಸೂಚನೆ ಹೋಗಲ್ಲ, ಅಡ್ಮಿನ್‌ಗಷ್ಟೇ ಹೋಗುತ್ತೆ. ಹಾಗಾಗಿ ನನಗೆ ಕೂಡಲೇ ಗೊತ್ತಾಗುತ್ತೆ, ನಿಮಗೆ ಹಾಗಲ್ಲ. ಸದ್ದಿಲ್ಲದೆ ಬಿಟ್ಟು ಹೋಗೋರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಗಂಡಸರು ಜಗಳಕ್ಕೆ ಬಿದ್ದು ಅವ್ವ-ಅಕ್ಕ ಅಂತ ಬೈಗುಳ ಶುರು ಮಾಡಿದ ಮಾರನೇ ದಿನ ಇಬ್ಬರು ಮೂವರು ಹೋಗಿರ್ತಾರೆ. ಒಬ್ಬ ಅಂಗನವಾಡಿ ಅಕ್ಕನಿಗೆ ಯಾಕೆ ಬಿಟ್ರಿ ಅಂತ ಕೇಳಿದೆ. "ಮನೇಲಿ ಮಗ ನನ್ನ ಫೋನ್ ನೋಡ್ತಾನೆ ಸಾರ್" ಅಂದರು. ಅಷ್ಟೇ. ಅಂದರೆ ಬೈಯೋನನ್ನ ಉಳಿಸಿಕೊಂಡರೆ ಬೈಸಿಕೊಂಡೋರನ್ನ ಹೊರಗೆ ಹಾಕಿದ ಹಾಗೇ. ಅವರಿಗೆ ವಿದಾಯದ ಮೆಸೇಜೂ ಇಲ್ಲ, ಪರವಾಗಿ ಫೋನ್ ಮಾಡೋರೂ ಇಲ್ಲ.

ಅಣ್ಣನನ್ನ ಅವತ್ತೇ ವಾಪಸ್ ಸೇರಿಸಿದೆ. ಗ್ರೂಪಿನಲ್ಲಿ ಕ್ಷಮೆ ಕೇಳಿದೆ, ಲೆಕ್ಕದ ಚೀಟಿಯ ಫೋಟೋ ಹಾಕಿದೆ. ಅಣ್ಣನೂ ಕ್ಷಮೆ ಕೇಳಿದರು. ನಮ್ಮ ಕಡೆಯ ಹುಡುಗ ಕೇಳಲಿಲ್ಲ, ಗ್ರೂಪ್ ಬಿಟ್ಟ. ಬಲಗೈ ಕಡೆಯ ಕೆಲವರು ನನ್ನನ್ನ ಇವತ್ತಿಗೂ ಮಾತಾಡಿಸಲ್ಲ.

ಆಮೇಲೆ ಕಚೇರಿಯಲ್ಲಿ ಗೊತ್ತಿರೋ ಕೆಲಸವನ್ನೇ ಗ್ರೂಪಿಗೂ ತಂದೆ. ಒಂದು ನೂರು ಪುಟದ ನೋಟ್‌ಬುಕ್. ಯಾರು, ಏನು ಬರೆದರು, ಯಾವ ದಿನ, ಏನು ಕ್ರಮ, ಯಾಕೆ. ಅಡ್ಮಿನ್ ನಾನೊಬ್ಬನೇ ಅಲ್ಲ, ನಾಲ್ಕು ಜನ: ಎಡಗೈಯವರೊಬ್ಬರು, ಬಲಗೈಯಿಂದ ನಾನು, ಬೋವಿ ಸಮುದಾಯದ ಒಬ್ಬ ಮೇಷ್ಟ್ರು, ಮತ್ತೆ ಆ ಆಶಾ ಕಾರ್ಯಕರ್ತೆ ತಂಗಿ. ಜೀವಕ್ಕೆ ಅಪಾಯ ಇರೋದು, ಸಂತ್ರಸ್ತರ ಗುರುತು ಇರೋದು, ಕಂಡ ತಕ್ಷಣ ಡಿಲೀಟ್, ಕೂಡಲೇ ಒಂದು ಸಾಲಿನ ಕಾರಣ. ಬೈಗುಳವಾದರೆ ಅದನ್ನೂ ಅಳಿಸಿ, ಮೊದಲು ಫೋನ್ ಮಾಡಿ ಮಾತು. ಎರಡನೇ ಸಲಕ್ಕೆ ಗ್ರೂಪಿನಲ್ಲೇ ಎಚ್ಚರಿಕೆ. ಮೂರನೇ ಸಲಕ್ಕೆ ಹದಿನೈದು ದಿನ ಹೊರಗೆ, ಅದೂ ನಾಲ್ಕರಲ್ಲಿ ಮೂವರು ಒಪ್ಪಿದರೆ. ಹದಿನಾರನೇ ದಿನ ನಾವೇ ವಾಪಸ್ ಸೇರಿಸಬೇಕು, ಅವರು ಬಂದು ಕೇಳಿಕೊಳ್ಳಬೇಕಿಲ್ಲ. ಜಗಳ ವಿಪರೀತ ಆದ ರಾತ್ರಿ ಅಡ್ಮಿನ್‌ಗಳು ಮಾತ್ರ ಬರೆಯೋ ಹಾಗೆ ಗ್ರೂಪಿಗೆ ಬೀಗ, ಬೆಳಿಗ್ಗೆ ಆರಕ್ಕೆ ತೆರೆಯೋದು.

2025ರ ಆಗಸ್ಟ್ 19ರಂದು ರಾಜ್ಯ ಸಂಪುಟ 6-6-5 ಅಂತ ಒಳಮೀಸಲಾತಿ ತೀರ್ಮಾನ ಮಾಡಿದ ರಾತ್ರಿ ಈ ಪುಸ್ತಕಕ್ಕೆ ಪರೀಕ್ಷೆ ಬಂತು. ಅಲೆಮಾರಿ ಸಮುದಾಯದ ಒಬ್ಬ ತಮ್ಮ ಬರೆದ: "ನಿಮ್ಮಿಬ್ಬರ ಜಗಳದಲ್ಲಿ ನಮ್ಮ ತಟ್ಟೆ ಕಿತ್ಕೊಂಡ್ರಿ." ಅವರಿಗೆ ಬೇರೆ 1 ಕೇಳಿದ್ದು, ಸಿಕ್ಕಿದ್ದು ಮಿಕ್ಕವರ ಜೊತೆ 5ರಲ್ಲಿ ಪಾಲು. ಕೂಡಲೇ ನಾಲ್ಕೈದು ಜನ "ಅಡ್ಮಿನ್, ಇವನನ್ನ ತೆಗೀರಿ" ಅಂದರು. ನಾಲ್ವರೂ ಫೋನಲ್ಲಿ ಮಾತಾಡಿದೆವು. ಅದರಲ್ಲಿ ಸಿಟ್ಟಿದೆ, ಬೈಗುಳ ಇಲ್ಲ. ಉಳಿಸಿದೆವು. ನಮಗೆ ನೋವಾಗೋ ಮಾತೆಲ್ಲಾ ಬೈಗುಳ ಅಲ್ಲ. ಹೊಸ ನೋಟ್‌ಬುಕ್ಕಿನಲ್ಲಿ ನಾನು ಕೆಂಪು ಇಂಕಲ್ಲಿ ಬರೆದಿಟ್ಟುಕೊಂಡ ಸಾಲು ಅದೊಂದೇ.

ಕೊನೆಗೊಂದು ಮಾತು. ದೊಡ್ಡ ಜಾಲತಾಣವೊಂದರಲ್ಲಿ ನನಗೆ ಒಬ್ಬ ಜಾತಿ ಹಿಡಿದು ಕನ್ನಡದಲ್ಲಿ ಬೈದಿದ್ದ. ರಿಪೋರ್ಟ್ ಮಾಡಿದೆ. "ನಮ್ಮ ನಿಯಮಕ್ಕೆ ವಿರುದ್ಧವಾಗಿಲ್ಲ" ಅಂತ ಉತ್ತರ ಬಂತು. ಅದೇ ಬೈಗುಳವನ್ನ ಉದ್ಧರಿಸಿ "ನನಗೆ ಹೀಗೆ ಅಂದರು" ಅಂತ ನಾನು ಬರೆದ ಪೋಸ್ಟ್ ಮಾತ್ರ ತೆಗೆದುಹಾಕಿದರು. ಯಾರನ್ನ ಕೇಳೋದು, ಯಾವ ಬಾಗಿಲು ತಟ್ಟೋದು ಗೊತ್ತಾಗಲಿಲ್ಲ. ಆ ಸಿಟ್ಟು ನನಗಿನ್ನೂ ಇದೆ, ಇರಬೇಕು. ಆದರೆ ಅವತ್ತು ರಾತ್ರಿ ಆ ಅಣ್ಣ ಜಗಲಿ ಮೇಲೆ ಫೋನ್ ಹಿಡಿದು ಕೂತಾಗ ಅವರಿಗಾದದ್ದೂ ಇದೇ.

ನಿಮ್ಮಲ್ಲಿ ಬಹಳ ಜನ ಒಂದಲ್ಲ ಒಂದು ಗ್ರೂಪಿಗೆ ಅಡ್ಮಿನ್ ಇದ್ದೀರಿ. ಒಂದು ಚೀಟಿ ತಗೊಂಡು ಕೂತು, ಕಳೆದ ಒಂದು ವರ್ಷದಲ್ಲಿ ಯಾರನ್ನ ತೆಗೆದಿರಿ, ಯಾರು ತಾವೇ ಹೋದರು, ಲೆಕ್ಕ ಹಾಕಿ ನೋಡಿ. ಬಂದ ಲೆಕ್ಕ ಇಲ್ಲಿ ಕಾಮೆಂಟಲ್ಲಿ ಬರೆಯಬೇಕಿಲ್ಲ. ನಿಮ್ಮ ಗ್ರೂಪಿನಲ್ಲೇ ಹಾಕಿ.

ಜೈಭೀಮ್.